ಗಾಂಧೀಜಿ ಹಚ್ಚಿದ ಒಲೆ

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಅವರನ್ನು ಸಭೆಯಲ್ಲಿಯೋ ಸೆರೆಮನೆಯಲ್ಲಿಯೋ ನಿಲ್ಲಿಸಿ ನೋಡುವುದು ವಾಡಿಕೆ; ಅವರ ಅಡಿಗೆಮನೆಯ ಹೊಸ್ತಿಲನ್ನು ದಾಟುವವರು ವಿರಳ. ಒಲೆಯ ಮುಂದಿನ ಮಾತು ಹಿರಿಯರ ಘನತೆಗೆ ತಕ್ಕುದಲ್ಲವೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಗಾಂಧೀಜಿಯವರ ವಿಷಯದಲ್ಲಿ ಮಾತ್ರ ಈ ಸಂಕೋಚ ಸಲ್ಲದು. ತಮ್ಮ ಆತ್ಮಕಥೆಯಲ್ಲಿ ಅವರು ರಾಜಕಾರಣಕ್ಕೆ ಕೊಟ್ಟಷ್ಟೇ ಎಡೆಯನ್ನು ಗಂಜಿಗೂ ರೊಟ್ಟಿಗೂ ಕೊಟ್ಟಿದ್ದಾರೆ. ಆ ಪುಟಗಳನ್ನು ಅವಸರದಲ್ಲಿ ಮಗುಚಿ ಮುಂದೆ ಹೋಗುವ ವಾಚಕರನ್ನು ನಾನು ಬಲ್ಲೆ. ವೈಷ್ಣವ ಮನೆತನದಲ್ಲಿ ಹುಟ್ಟಿದವರು ಮಾಂಸವನ್ನು ತಿನ್ನದಿದ್ದರೆ ಅದರಲ್ಲಿ ವಿಶೇಷವೇನು ಎಂದು ಅವರ ಭಾವನೆ. ಆದರೆ ನನಗೆ ತೋರುವ ಮಟ್ಟಿಗೆ, ಗಾಂಧೀಜಿ ಶಾಕಾಹಾರಿಗಳ ಮನೆಯಲ್ಲಿ ಹುಟ್ಟಿದವರೇ ಹೊರತು ಶಾಕಾಹಾರಿಯಾಗಿ ಹುಟ್ಟಿದವರಲ್ಲ. ಅವರು ಶಾಕಾಹಾರಿಯಾದದ್ದು ಹತ್ತೊಂಬತ್ತು ತುಂಬಿದ ಮೇಲೆ, ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ ಲಂಡನ್ನಿನಲ್ಲಿ. ಆ ಕಥೆಯನ್ನು ಒಲೆಯ ಬೆಳಕಿನಲ್ಲಿಯೇ ಹೇಳಬೇಕೆಂದು ನನ್ನ ಆಸೆ.

ಮೋಹನದಾಸನು ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ಗುಜರಾತಿನ ವೈಷ್ಣವರಲ್ಲಿ ಜೈನರ ಅಹಿಂಸಾಧರ್ಮದ ಪ್ರಭಾವ ಬಹಳ. ಅಲ್ಲಿ ಮಾಂಸಾಹಾರವೆಂದರೆ ಕುಲವೇ ಕೆಟ್ಟಂತೆ. ತಾಯಿ ಪುತಳೀಬಾಯಿಯಂತೂ ವ್ರತೋಪವಾಸಗಳಲ್ಲಿಯೇ ಬಾಳನ್ನು ಕಳೆದ ಸಾಧ್ವಿ. ಇಂಥ ಮನೆಯ ಹುಡುಗನು ರಾಜಕೋಟೆಯಲ್ಲಿ ಓದುತ್ತಿದ್ದಾಗ, ಅಣ್ಣನ ಗೆಳೆಯನೊಬ್ಬನ ಮಾತಿಗೆ ಮರುಳಾದನು. ಆಂಗ್ಲರು ನಮ್ಮನ್ನು ಆಳುತ್ತಿರುವುದಕ್ಕೆ ಅವರು ಮಾಂಸ ತಿನ್ನುವುದೇ ಕಾರಣ, ನಾವೂ ತಿಂದರೆ ಅವರಂತೆಯೇ ಗಟ್ಟಿಗರಾಗಿ ಅವರನ್ನು ಓಡಿಸಬಹುದು ಎಂಬುದು ಆ ಕಾಲದ ಹುಡುಗರಲ್ಲಿ ಹಬ್ಬಿದ್ದ ವಾದ. ಗೆಳೆಯನು ಕಟ್ಟುಮಸ್ತಾದ ಆಳು, ದೂರ ಓಡಬಲ್ಲ, ಎತ್ತರ ಹಾರಬಲ್ಲ. ಮೋಹನದಾಸನಾದರೋ ಕತ್ತಲೆಗೆ ಹೆದರಿ ದೀಪವಿಲ್ಲದೆ ಮಲಗಲಾರದ ಹುಡುಗ. ಹೀಗಾಗಿ ಒಂದು ದಿನ ನದೀತೀರದ ಏಕಾಂತದಲ್ಲಿ ಆಡಿನ ಮಾಂಸದ ಪ್ರಥಮ ಭೋಜನ ನಡೆಯಿತು. ತೊಗಲಿನಂತೆ ಗಡುಸಾದ ಆ ತುಂಡು ಗಂಟಲಿನಲ್ಲಿ ಇಳಿಯಲಿಲ್ಲ. ಅಂದಿನ ರಾತ್ರಿ ಹೊಟ್ಟೆಯೊಳಗೆ ಆಡೊಂದು ಅರಚಿದಂತಾಗಿ ಹುಡುಗನು ಮತ್ತೆ ಮತ್ತೆ ಎಚ್ಚತ್ತನು.

ಆದರೂ ಅವನು ಬಿಡಲಿಲ್ಲ. ಗೆಳೆಯನು ಬಾಣಸಿಗನನ್ನು ಗೊತ್ತುಮಾಡಿ, ಮೇಜು ಕುರ್ಚಿಗಳಿದ್ದ ಭವನವೊಂದರಲ್ಲಿ ರುಚಿಕಟ್ಟಾದ ಅಡಿಗೆಯನ್ನು ಮಾಡಿಸತೊಡಗಿದನು. ಸುಮಾರು ಒಂದು ವರ್ಷದ ಅವಧಿಯಲ್ಲಿ ಇಂಥ ಔತಣ ಐದಾರು ಸಲ ನಡೆಯಿತು. ಆಮೇಲೆ ಮೋಹನದಾಸನು ನಿಲ್ಲಿಸಿದನು. ಏಕೆ ನಿಲ್ಲಿಸಿದನೆಂಬುದನ್ನು ವಾಚಕರು ಗಮನಿಸಬೇಕು. ಆಡಿನ ಮೇಲಣ ಕರುಣೆಯಿಂದಲ್ಲ, ಧರ್ಮಭೀತಿಯಿಂದಲೂ ಅಲ್ಲ. ಔತಣದ ದಿನ ಮನೆಯಲ್ಲಿ ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಬೇಕಾಗುತ್ತಿತ್ತು, ಅದನ್ನು ಅವನ ಮನಸ್ಸು ಸಹಿಸಲಿಲ್ಲ. ತಾಯಿತಂದೆಗಳು ಕಾಲವಾದ ಮೇಲೆ, ಸ್ವತಂತ್ರನಾದಾಗ, ಬಹಿರಂಗವಾಗಿಯೇ ತಿನ್ನೋಣವೆಂದು ಅವನು ನಿಶ್ಚಯಿಸಿದ್ದನು. ಎಂದರೆ, ಬಾಯಿ ಮಾಂಸವನ್ನು ಬಿಟ್ಟಿತ್ತು, ಬುದ್ಧಿ ಬಿಟ್ಟಿರಲಿಲ್ಲ.

1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೊರಟಾಗ ತಾಯಿಗೆ ದಿಗಿಲಾಯಿತು. ಕುಟುಂಬದ ಹಿತೈಷಿಗಳಾಗಿದ್ದ ಜೈನ ಮುನಿ ಬೇಚರ್‌ಜಿ ಸ್ವಾಮಿಗಳು ಮಧ್ಯಸ್ಥರಾಗಿ, ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಅವನಿಂದ ಪ್ರತಿಜ್ಞೆ ಮಾಡಿಸಿದರು. ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ತರುಣನು, ಯಾವ ಭಕ್ಷ್ಯದಲ್ಲಿ ಏನಿದೆಯೋ ಎಂದು ಕೇಳಲು ನಾಚಿ, ಮನೆಯಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ ಹಣ್ಣುಗಳಲ್ಲಿಯೇ ಬಹುಪಾಲು ಪಯಣವನ್ನು ಕಳೆದನು.

ಲಂಡನ್ನಿನಲ್ಲಿ ನಿಜವಾದ ಹಸಿವು ಕಾದಿತ್ತು. ಮೊದಲು ರಿಚ್ಮಂಡಿನಲ್ಲಿ ಮಿತ್ರರೊಬ್ಬರ ಮನೆ, ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಆಂಗ್ಲ ಗೃಹಿಣಿಯೊಬ್ಬಳ ಬಿಡಾರ. ಬೆಳಗಿನ ಓಟ್ಸ್ ಗಂಜಿಯಿಂದ ಹೊಟ್ಟೆ ಹೇಗೋ ತುಂಬುತ್ತಿತ್ತು. ಮಧ್ಯಾಹ್ನ ಮತ್ತು ರಾತ್ರಿ ಉಪ್ಪುಖಾರಗಳಿಲ್ಲದೆ ಬೇಯಿಸಿದ ಸೊಪ್ಪು, ಎರಡು ಮೂರು ತುಂಡು ರೊಟ್ಟಿ, ಒಂದಿಷ್ಟು ಜಾಮ್. ಇನ್ನೊಂದು ತುಂಡು ಬೇಕೆಂದು ಕೇಳಲು ಸಂಕೋಚ. ಮನೆಯ ಹೆಣ್ಣುಮಕ್ಕಳಿಬ್ಬರು ಒತ್ತಾಯಮಾಡಿ ಒಂದೆರಡು ತುಂಡು ಹೆಚ್ಚಾಗಿ ಬಡಿಸುತ್ತಿದ್ದರು. ಇಡಿಯ ರೊಟ್ಟಿಯೇ ಇದ್ದರೂ ಸಾಲದ ಹಸಿವು ಅದೆಂದು ಅವರಿಗೆ ಹೇಗೆ ತಿಳಿಯಬೇಕು? ರಿಚ್ಮಂಡಿನ ಮಿತ್ರರು ಬೆಂಥಮನ ಗ್ರಂಥವನ್ನು ಓದಿ ಹೇಳಿ, ಲೋಕವನ್ನರಿಯದ ತಾಯಿಯ ಮುಂದೆ ಮಾಡಿದ ಪ್ರತಿಜ್ಞೆಗೆ ಬೆಲೆಯೇನೆಂದು ತರ್ಕಿಸಿದರು. ತರ್ಕಕ್ಕೆ ಉತ್ತರ ಕೊಡಲು ತರುಣನಿಗೆ ತಿಳಿಯಲಿಲ್ಲ. ಪ್ರತಿಜ್ಞೆಯನ್ನು ಮುರಿಯಲಾರೆನೆಂದಷ್ಟೇ ಹೇಳಿದನು. ಮಾಂಸವು ಒಳ್ಳೆಯದೆಂಬ ನಂಬಿಕೆ ಒಂದು ಕಡೆ, ತಿನ್ನೆನೆಂಬ ಮಾತು ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಉಳಿದದ್ದು ತಾಯಿಯ ಮೇಲಣ ಪ್ರೇಮ ಮತ್ತು ಬರಿಯ ಹಟ.

ಪ್ರತಿದಿನ ಹತ್ತು ಹನ್ನೆರಡು ಮೈಲಿ ಅಲೆದು, ಅಗ್ಗದ ಅಂಗಡಿಗಳಲ್ಲಿ ರೊಟ್ಟಿ ತಿಂದು, ತೃಪ್ತಿಯಿಲ್ಲದೆ ಮರಳುತ್ತಿದ್ದ ಆ ದಿನಗಳಲ್ಲಿ ಒಮ್ಮೆ ಫ್ಯಾರಿಂಗ್‌ಡನ್ ಬೀದಿಯ ಶಾಕಾಹಾರದ ಭೋಜನಾಲಯವೊಂದು ಅವನ ಕಣ್ಣಿಗೆ ಬಿತ್ತು. ಕಳೆದುಹೋದ ಒಡವೆಯನ್ನು ಕಂಡ ಮಗುವಿನ ಸಂತೋಷ ಅವನದಾಯಿತು. ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ಹೆನ್ರಿ ಸಾಲ್ಟ್ ಎಂಬವನು ಶಾಕಾಹಾರವನ್ನು ಸಮರ್ಥಿಸಿ ಬರೆದ ಪುಸ್ತಕ ಮಾರಾಟಕ್ಕಿತ್ತು. ಒಂದು ಷಿಲಿಂಗ್ ತೆತ್ತು ಅದನ್ನು ಕೊಂಡು ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡನು. ಸಾಲ್ಟನು ಈಟನ್ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಆ ವೃತ್ತಿಯನ್ನು ತೊರೆದವನು. ಅವನ ಪುಸ್ತಕ ಶಾಸ್ತ್ರವನ್ನಾಗಲಿ ಕುಲವನ್ನಾಗಲಿ ಆಶ್ರಯಿಸದೆ ವಿವೇಚನೆಯನ್ನೇ ಆಶ್ರಯಿಸಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದಂದಿನಿಂದ ಮೋಹನದಾಸನು ಸ್ವಂತ ಇಚ್ಛೆಯಿಂದ ಶಾಕಾಹಾರಿಯಾದನು. ತಾಯಿ ಕೊಟ್ಟದ್ದು ಬೇಲಿ. ಒಳಗಿನ ಬೆಳೆಯನ್ನು ಈಗ ಅವನೇ ಬಿತ್ತಿದನು. ಮುಂದೆ ಮಿತ್ರರೊಬ್ಬರು ಹೋಬರ್ನಿನ ವೈಭವದ ಭೋಜನಶಾಲೆಗೆ ಕರೆದೊಯ್ದಾಗ, ಸಾರಿನಲ್ಲಿ ಮಾಂಸವಿದೆಯೇ ಎಂದು ಪರಿಚಾರಕನನ್ನು ವಿಚಾರಿಸಿದ್ದಕ್ಕಾಗಿ ಅವರಿಂದ ಗದರಿಸಿಕೊಂಡು, ಸಂತೋಷದಿಂದಲೇ ಹೊರಗೆ ಬಂದು, ಅಂದಿನ ರಾತ್ರಿ ಉಪವಾಸವಿದ್ದನು. ಹಸಿವು ಹಿಂದಿನದೇ, ಅದನ್ನು ಸಹಿಸುವ ಮನಸ್ಸು ಮಾತ್ರ ಬೇರೆ.

ಇಲ್ಲಿಂದ ಒಲೆಯ ಕಥೆ ಮೊದಲಾಗುತ್ತದೆ. ಖರ್ಚನ್ನು ಇಳಿಸಬೇಕೆಂದು ಎರಡು ಕೋಣೆಗಳ ಬಿಡಾರವನ್ನು ಬಿಟ್ಟು ಒಂದೇ ಕೋಣೆಗೆ ಬಂದ ವಿದ್ಯಾರ್ಥಿಯು ಒಂದು ಒಲೆಯನ್ನು ಕೊಂಡು ತಂದನು. ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋಗಾಗಿ ಬಿಸಿನೀರು. ಎಲ್ಲಕ್ಕೂ ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನ ಹೊರಗೆ ಊಟ, ರಾತ್ರಿ ಕೋಣೆಯಲ್ಲಿಯೇ ರೊಟ್ಟಿ ಮತ್ತು ಕೋಕೋ. ದಿನದ ಊಟದ ವೆಚ್ಚ ಒಂದು ಷಿಲಿಂಗ್ ಮೂರು ಪೆನ್ನಿಗೆ ಇಳಿಯಿತು. ಊರಿನಿಂದ ತರಿಸಿಕೊಳ್ಳುತ್ತಿದ್ದ ಮಸಾಲೆ, ಸಿಹಿತಿಂಡಿಗಳು ನಿಂತುವು. ಇದರಲ್ಲಿ ಒಂದು ಸೋಜಿಗವುಂಟು. ರಿಚ್ಮಂಡಿನಲ್ಲಿ ಸಪ್ಪೆಯೆಂದು ಗಂಟಲಿಳಿಯದಿದ್ದ ಅದೇ ಬೇಯಿಸಿದ ಸೊಪ್ಪು ಈಗ ರುಚಿಯಾಗಿ ತೋರತೊಡಗಿತು. ಸೊಪ್ಪು ಬದಲಾಗಿರಲಿಲ್ಲ. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬ ತಿಳಿವು ಅವನಿಗೆ ಉಂಟಾದದ್ದು ಯಾವ ಉಪನಿಷತ್ತಿನಿಂದಲೂ ಅಲ್ಲ, ಆ ಸಣ್ಣ ಒಲೆಯಿಂದ.

ಪ್ರಯೋಗಗಳು ಒಂದರ ಹಿಂದೆ ಒಂದು ನಡೆದುವು. ಕೆಲವು ದಿನ ಪಿಷ್ಟಪದಾರ್ಥಗಳನ್ನು ಬಿಟ್ಟನು. ಕೆಲವು ದಿನ ರೊಟ್ಟಿ ಹಣ್ಣು ಮಾತ್ರ. ಕೆಲವು ದಿನ ಗಿಣ್ಣು, ಹಾಲು, ಮೊಟ್ಟೆಗಳೇ. ಮಾಂಸವೆಂಬುದಕ್ಕೆ ಅಲ್ಲಿನ ಶಾಕಾಹಾರಿಗಳಲ್ಲಿ ಮೂರು ಬಗೆಯ ಅರ್ಥವಿತ್ತು. ಪಶುಪಕ್ಷಿಗಳ ಮಾಂಸವಷ್ಟೇ ಮಾಂಸವೆಂಬವರು ಮೀನನ್ನು ತಿನ್ನುತ್ತಿದ್ದರು. ಸಕಲ ಪ್ರಾಣಿಗಳ ಮಾಂಸವೂ ಮಾಂಸವೆಂಬವರಿಗೆ ಮೊಟ್ಟೆಯ ಅಡ್ಡಿಯಿರಲಿಲ್ಲ. ಮೂರನೆಯವರು ಮೊಟ್ಟೆಯನ್ನೂ ಹಾಲನ್ನೂ ಬಿಟ್ಟವರು. ಮೊಟ್ಟೆ ಮಾಂಸವಲ್ಲವೆಂಬ ವಾದವನ್ನೊಪ್ಪಿ ಮೋಹನದಾಸನು ಕೆಲವು ದಿನ ಅದನ್ನು ತಿಂದದ್ದೂ ಉಂಟು. ಆಮೇಲೆ ಅವನಿಗೆ ಹೊಳೆಯಿತು: ಪ್ರತಿಜ್ಞೆಯ ಮಾತಿಗೆ ಅರ್ಥ ಹೇಳಬೇಕಾದವಳು ಅದನ್ನು ಮಾಡಿಸಿದ ತಾಯಿ, ಆಕೆಯ ಅರ್ಥದಲ್ಲಿ ಮೊಟ್ಟೆಯೂ ವರ್ಜ್ಯವೇ. ಮೊಟ್ಟೆಯೊಂದಿಗೆ, ಅದು ಬೆರೆತ ಕೇಕು ಪುಡಿಂಗುಗಳನ್ನೂ ಬಿಟ್ಟನು. ಶಬ್ದಾರ್ಥದ ವಿಚಾರವನ್ನು ದಿನವೂ ಪಾಠ ಹೇಳುವ ನನ್ನಂಥವರಿಗೆ ಇದು ಮನನೀಯ. ಮಾತಿನ ಅರ್ಥವನ್ನು ನಮಗೆ ಅನುಕೂಲವಾದ ಕಡೆಗೆ ಎಳೆಯದೆ, ಕೇಳಿದವರು ತಿಳಿದಂತೆ ನಡೆಸಿಕೊಡುವುದೇ ಸತ್ಯ ಎಂಬ ಪಾಠ ಕೋರ್ಟಿಗೆ ಹೋಗುವ ಮೊದಲೇ ಊಟದ ಮೇಜಿನ ಮೇಲೆ ಆಗಿತ್ತು.

ಲಂಡನ್ನಿನ ಶಾಕಾಹಾರ ಸಂಘದ ಕಾರ್ಯಸಮಿತಿಯಲ್ಲಿಯೂ ಅವರು ಸೇರಿದರು. ಬೇಸ್‌ವಾಟರ್ ಬಡಾವಣೆಯಲ್ಲಿ ಚಿಕ್ಕದೊಂದು ಕೂಟವನ್ನು ಕಟ್ಟಿ ಅದರ ಕಾರ್ಯದರ್ಶಿಯಾದರು. ಆ ಸಂಘದಲ್ಲಿ ನಡೆದ ಒಂದು ಪ್ರಸಂಗ ಮುಖ್ಯವಾದದ್ದು. ಡಾಕ್ಟರ್ ಆಲಿನ್ಸನ್ ಎಂಬ ಸದಸ್ಯರು ಸಂತಾನನಿಯಂತ್ರಣದ ಕೃತಕೋಪಾಯಗಳನ್ನು ಪ್ರಚಾರ ಮಾಡುತ್ತಿದ್ದರು. ಅಂಥವರನ್ನು ಸಂಘದಿಂದ ತೆಗೆಯಬೇಕೆಂದು ಅಧ್ಯಕ್ಷರ ಸೂಚನೆ ಬಂದಿತು. ಗಾಂಧೀಜಿಗೆ ಆಲಿನ್ಸನ್ನರ ಅಭಿಪ್ರಾಯ ಸಮ್ಮತವಿರಲಿಲ್ಲ. ಆದರೂ ಸಂಘದ ಗುರಿ ಶಾಕಾಹಾರವೊಂದೇ, ಇತರ ವಿಷಯಗಳಲ್ಲಿ ಸದಸ್ಯರ ಬುದ್ಧಿಯನ್ನು ಕಟ್ಟುವ ಅಧಿಕಾರ ಅದಕ್ಕಿಲ್ಲವೆಂದು ಅವರು ಆಲಿನ್ಸನ್ನರ ಪಕ್ಷ ವಹಿಸಿದರು. ಸಭಾಕಂಪದಿಂದ ತಮ್ಮ ಬರೆಹವನ್ನು ತಾವೇ ಓದಲಾರದೆ ಇನ್ನೊಬ್ಬರಿಂದ ಓದಿಸಿದರು, ಪಕ್ಷವೂ ಸೋತಿತು. ಆಹಾರದ ಹೆಸರಿನಲ್ಲಿ ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯಬಾರದೆಂಬ ನಿಲುವು ಅವರಲ್ಲಿ ಎಷ್ಟು ಬೇಗ ಮೂಡಿತ್ತೆಂಬುದಕ್ಕೆ ಇದು ಸಾಕ್ಷಿ.

1891ರಲ್ಲಿ ಸ್ವದೇಶಕ್ಕೆ ಮರಳಿದ ಬ್ಯಾರಿಸ್ಟರರು ಮುಂಬಯಿಯಲ್ಲಿ ಮನೆ ಹೂಡಿ ಅಡಿಗೆಗೆ ಬ್ರಾಹ್ಮಣನೊಬ್ಬನನ್ನು ಇಟ್ಟುಕೊಂಡರು. ಅವನಿಗೆ ಅಡಿಗೆ ಬಾರದು, ಇವರಿಗೆ ಕಕ್ಷಿಗಾರರಿಲ್ಲ. ಲಂಡನ್ನಿನ ಶಾಕಾಹಾರದ ಅಡಿಗೆಯನ್ನು ಕಲಿತಿದ್ದ ಯಜಮಾನರೇ ಒಲೆಯೊಂದನ್ನು ಕೊಂಡು ಅಡಿಗೆಯವನ ಜೊತೆಗೆ ನಿಂತು ಬೇಯಿಸತೊಡಗಿದರು. ಮುಂದೆ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿಯೂ ಏಳು ಪೌಂಡು ಕೊಟ್ಟು ಕೈಬೀಸುವ ಗಿರಣಿಯನ್ನು ತರಿಸಿ, ಮಕ್ಕಳನ್ನೂ ಆಂಗ್ಲ ಮಿತ್ರ ಪೋಲಕರನ್ನೂ ಕೂಡಿಸಿಕೊಂಡು ತಾವೇ ಗೋಧಿ ಬೀಸಿ, ತೌಡು ತೆಗೆಯದ ಹಿಟ್ಟಿನಿಂದ ಹುಳಿಯಿಲ್ಲದ ರೊಟ್ಟಿಯನ್ನು ಮನೆಯಲ್ಲಿ ಮಾಡಿಸಿದರು. ಅಲ್ಲಿಯೇ ಶಾಕಾಹಾರದ ಭೋಜನಾಲಯವೊಂದಕ್ಕೆ ನೆರವಾಗಲೆಂದು ಕಕ್ಷಿಗಾರನೊಬ್ಬನ ಒಪ್ಪಿಗೆ ಪಡೆದು ಅವನ ಹಣದಲ್ಲಿ ಸುಮಾರು ಸಾವಿರ ಪೌಂಡನ್ನು ಕೊಟ್ಟು, ಅದು ಮುಳುಗಿದಾಗ ಎಲ್ಲವನ್ನೂ ತಾವೇ ತೀರಿಸಿದರು.

ಇಷ್ಟರವರೆಗೆ ಪ್ರಯೋಗದ ಕಷ್ಟನಷ್ಟಗಳೆಲ್ಲ ಅವರ ಒಬ್ಬರ ಮೈಮೇಲೆ. ಆದರೆ ಒಲೆಯ ಸುತ್ತ ಸಂಸಾರವೂ ಇರುತ್ತದೆಯಲ್ಲವೆ? 1902ರಲ್ಲಿ ಮುಂಬಯಿಯಲ್ಲಿ ಎರಡನೆಯ ಮಗ, ಹತ್ತು ವರ್ಷದ ಮಣಿಲಾಲನಿಗೆ ವಿಷಮಜ್ವರ ಬಂದಿತು. ಮೊಟ್ಟೆ, ಕೋಳಿಯ ಸಾರು ಕೊಡಬೇಕೆಂದು ವೈದ್ಯರ ಸಲಹೆ. ತಂದೆ ಒಪ್ಪಲಿಲ್ಲ, ಮಗನನ್ನು ಕೇಳಿದಾಗ ಅವನೂ ತಂದೆಯ ಮಾತಿಗೇ ನಿಂತನು. ಕಿತ್ತಳೆಯ ರಸ, ನೀರು, ಜಲಚಿಕಿತ್ಸೆ. ಜ್ವರ 104 ಡಿಗ್ರಿಗೆ ಏರಿದ ರಾತ್ರಿ ಒದ್ದೆಯ ಬಟ್ಟೆಯಲ್ಲಿ ಮಗುವನ್ನು ಸುತ್ತಿ, ತಂದೆ ಚೌಪಾಟಿಯ ಕಡೆಗೆ ತಿರುಗಾಡಲು ಹೋದರು, ಎದೆಯಲ್ಲಿ ರಾಮನಾಮ, ಮನಸ್ಸಿನಲ್ಲಿ ಕಳವಳ. ಹಿಂದಿರುಗಿದಾಗ ಹುಡುಗನು ಬೆವೆತಿದ್ದನು, ಕ್ರಮೇಣ ಗುಣವಾಯಿತು. ಗುಣವಾದದ್ದು ದೈವಕೃಪೆಯಿಂದಲೋ ನೀರಿನಿಂದಲೋ ಪಥ್ಯದಿಂದಲೋ ನಿಶ್ಚಯಿಸಿ ಹೇಳಲಾಗದೆಂದು ಗಾಂಧೀಜಿಯೇ ಬರೆದಿದ್ದಾರೆ. ಹತ್ತು ವರ್ಷದ ಮಗುವಿನ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೆ? ಈ ಪುಟವನ್ನು ಓದುವಾಗಲೆಲ್ಲ ನನ್ನ ಮನಸ್ಸು ಅಳುಕುತ್ತದೆ. ವೈದ್ಯರ ಮಾತನ್ನು ಮೀರುವವರಿಗೆ ಇದನ್ನು ಮೇಲ್ಪಂಕ್ತಿಯಾಗಿ ತೋರಿಸಲು ನಾನು ಸಿದ್ಧನಿಲ್ಲ.

ಕಸ್ತೂರಬಾ ಅವರ ಪ್ರಸಂಗ ಇನ್ನೊಂದು ಬಗೆಯದು. 1909ರ ಸುಮಾರಿಗೆ ಡರ್ಬನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವರು ತೀರ ನಿಶ್ಶಕ್ತರಾಗಿದ್ದಾಗ ವೈದ್ಯರು ಗೋಮಾಂಸದ ಸಾರನ್ನು ಕೊಡಬೇಕೆಂದರು. ಜೋಹಾನ್ಸ್‌ಬರ್ಗಿನಿಂದ ಧಾವಿಸಿ ಬಂದ ಗಾಂಧೀಜಿ, ತಮ್ಮ ದಾರಿಯನ್ನು ಹಿಡಿಯುವ ನಿರ್ಬಂಧ ಪತ್ನಿಗಿಲ್ಲವೆಂದೂ, ಔಷಧವಾಗಿ ಮಾಂಸವನ್ನು ಸೇವಿಸಿದ ಹಿಂದೂಗಳುಂಟೆಂದೂ ಆಕೆಗೆ ತಿಳಿಸಿಹೇಳಿದರು. ಆ ತಾಯಿ ಒಪ್ಪಲಿಲ್ಲ. ಜಿನುಗುವ ಮಳೆಯಲ್ಲಿ ಅವರನ್ನು ರೈಲಿಗೆ ಹತ್ತಿಸಿ, ನಿಲ್ದಾಣದಿಂದ ಜೋಲಿಯಲ್ಲಿ ಹೊತ್ತು, ಫೀನಿಕ್ಸ್ ಆಶ್ರಮಕ್ಕೆ ತರಬೇಕಾಯಿತು. ಶಾಕಾಹಾರದ ಮೇಲೆ ಗಾಂಧೀಜಿ ಗ್ರಂಥಗಳನ್ನೋದಿದ್ದರು. ಕಸ್ತೂರಬಾ ಯಾವ ಗ್ರಂಥವನ್ನೂ ಓದಿದವರಲ್ಲ. ಆದರೂ ಆ ದಿನ ಪ್ರಾಣವನ್ನು ಪಣವಿಟ್ಟವರು ಅವರು. ಬಳಿಕ ರಕ್ತಸ್ರಾವ ಮರುಕಳಿಸಿದಾಗ ಉಪ್ಪನ್ನೂ ಬೇಳೆಯನ್ನೂ ಬಿಡಬೇಕೆಂದು ಪತಿ ಒತ್ತಾಯಪಡಿಸಿದರು. ನಿಮಗೇ ಹೀಗೆ ಹೇಳಿದರೆ ನೀವೂ ಬಿಡಲಾರಿರೆಂದು ಪತ್ನಿ ಸವಾಲು ಹಾಕಿದರು. ಆ ಕ್ಷಣದಲ್ಲಿಯೇ ಒಂದು ವರ್ಷ ಎರಡನ್ನೂ ಬಿಟ್ಟೆನೆಂದು ಗಾಂಧೀಜಿ ನಿಶ್ಚಯಿಸಿಬಿಟ್ಟರು. ಕಸ್ತೂರಬಾ ಕಣ್ಣೀರು ಸುರಿಸಿದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವೆಂದು ನಮ್ಮ ಗಾದೆ. ತಾಯಿಯ ಮಾತನ್ನು ಉಳಿಸಲು ಹೊರಟ ಬಾಳು ಉಪ್ಪನ್ನು ಬಿಡುವವರೆಗೆ ಬಂದಿತ್ತು. ಪತಿಯ ಪಾಲಿಗೆ ಇದು ಪ್ರೇಮದ ಸತ್ಯಾಗ್ರಹ. ಪತ್ನಿಯ ಕಣ್ಣೀರಿನಲ್ಲಿ ಪ್ರೇಮದೊಡನೆ ಬೇಸರವೂ ಬೆರೆತಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಮನೆಯ ಒಲೆಯಲ್ಲಿ ಅಸ್ಪಷ್ಟವಾಗಿದ್ದುದು ಊರಾರು ಸೇರಿದ ಒಲೆಯಲ್ಲಿ ಸ್ಪಷ್ಟವಾಯಿತು. 1910ರಲ್ಲಿ, ಸತ್ಯಾಗ್ರಹಿಗಳ ಕುಟುಂಬಗಳಿಗೆ ಆಸರೆಯಾಗಲೆಂದು ಜರ್ಮನ್ ವಾಸ್ತುಶಿಲ್ಪಿ ಹರ್ಮನ್ ಕ್ಯಾಲನ್‌ಬಾಕ್ ಅವರು ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ ಸುಮಾರು 1,100 ಎಕರೆಯ ತೋಟವನ್ನು ಕೊಂಡು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರಂ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಪಾರಸಿಗಳು ಅಲ್ಲಿ ಬಂದು ನೆಲಸಿದರು. ಗಂಡಂದಿರು ಸೆರೆಮನೆಯಲ್ಲಿ, ಹೆಂಗಸರು ಮಕ್ಕಳು ತೋಟದಲ್ಲಿ. ಅವರಲ್ಲಿ ಅನೇಕರು ಹುಟ್ಟಿನಿಂದ ಮಾಂಸಾಹಾರಿಗಳು. ಅಡಿಗೆಮನೆ ಒಂದೇ ಆದರೆ ಖರ್ಚು ಕಡಿಮೆ; ಆದರೆ ಅಲ್ಲಿ ಬೇಯಬೇಕಾದದ್ದೇನು?

ಗಾಂಧೀಜಿ ಈ ಪ್ರಶ್ನೆಯನ್ನು ಎಳೆಎಳೆಯಾಗಿ ಬಿಡಿಸಿ ನೋಡಿದರು. ನೆರವಿಗಾಗಿ ಬಂದವರಿಗೆ ಅನ್ನದ ಜೊತೆಗೆ ತಮ್ಮ ಮತವನ್ನೂ ಉಣಿಸುವುದು ನ್ಯಾಯವೆ? ಕ್ರೈಸ್ತರೂ ಮುಸಲ್ಮಾನರೂ ಗೋಮಾಂಸವನ್ನೇ ಕೇಳಿದರೂ ಒದಗಿಸಲೇಬೇಕು, ಅವರನ್ನು ಹೊರಗೆ ಇಡುವ ಮಾತೇ ಇಲ್ಲ ಎಂದು ಅವರು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು. ಪರಮ ವೈಷ್ಣವಳ ಮಗ, ಲಂಡನ್ನಿನಲ್ಲಿ ಸಾರಿನ ಬಟ್ಟಲನ್ನು ಮುಟ್ಟದೆ ಉಪವಾಸವಿದ್ದವರು, ಈ ನಿಶ್ಚಯಕ್ಕೆ ಬಂದರೆಂಬುದನ್ನು ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಆಮೇಲೆ ಅವರು ಆ ಸೋದರಿಯರ ಬಳಿಗೆ ಹೋಗಿ ತಮ್ಮ ತೊಡಕನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅವರು ಸಂತೋಷದಿಂದಲೇ ಶಾಕಾಹಾರದ ಒಂದೇ ಅಡಿಗೆಮನೆಗೆ ಒಪ್ಪಿದರು; ಮುಸಲ್ಮಾನ ಬಂಧುಗಳೂ ಅನುಮತಿ ಕೊಟ್ಟರು. ಬಾಗಿಲನ್ನು ತೆರೆದಿಟ್ಟಿದ್ದರಿಂದಲೇ ಯಾರೂ ಹೊರಗೆ ಹೋಗಲಿಲ್ಲ.

ಆ ಅಡಿಗೆಮನೆಯ ಯಜಮಾನಿಕೆ ಹೆಂಗಸರದು. ನೆರವಿಗೆ ಒಬ್ಬಿಬ್ಬರು ಗಂಡಸರು, ಅವರಲ್ಲಿ ಗಾಂಧೀಜಿ ತಪ್ಪದೆ ಒಬ್ಬರು. ಬೆಳಿಗ್ಗೆ ಆರಕ್ಕೆ ರೊಟ್ಟಿ ಮತ್ತು ಗೋಧಿಯನ್ನು ಹುರಿದು ಪುಡಿಮಾಡಿ ತಯಾರಿಸಿದ ಕಾಫಿ; ಹನ್ನೊಂದಕ್ಕೆ ಅನ್ನ, ಬೇಳೆ, ಪಲ್ಯ; ಸಂಜೆ ಐದೂವರೆಗೆ ಗೋಧಿಯ ಗಂಜಿ ಹಾಲು, ಅಥವಾ ರೊಟ್ಟಿ ಕಾಫಿ. ಹಿಟ್ಟನ್ನು ಅಲ್ಲಿಯೇ ಬೀಸುತ್ತಿದ್ದರು; ಕಡಲೆಕಾಯಿಯನ್ನು ಹುರಿದು ಅರೆದು ಬೆಣ್ಣೆಯ ಬದಲು ಬಳಸುತ್ತಿದ್ದರು; ತೋಟದ ಕಿತ್ತಳೆಯಿಂದ ಮುರಬ್ಬ ಮಾಡುತ್ತಿದ್ದರು. ಉಂಡ ಪಾತ್ರೆಯನ್ನು ಉಂಡವರೇ ತೊಳೆಯಬೇಕು. ರಂಜಾನ್ ಬಂದಾಗ ಮುಸಲ್ಮಾನ ಹುಡುಗರು ಉಪವಾಸವಿದ್ದರೆ, ಅವರಿಗೆ ಜೊತೆಯಾಗಿ ಇತರರೂ ಒಪ್ಪೊತ್ತು ಮಾಡಿದರು. ಮಾಂಸವನ್ನು ಬಿಟ್ಟವರಿಗಾಗಿ, ಹುಟ್ಟಿನಿಂದ ಮಾಂಸವನ್ನೇ ಕಾಣದವರು ಹಗಲಿನ ಅನ್ನವನ್ನು ಬಿಟ್ಟರು. ತ್ಯಾಗವು ಒಂದೇ ಪಕ್ಷದ ಸೊತ್ತಾಗಲಿಲ್ಲ.

ಆಮೇಲಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1912ರಲ್ಲಿ ಅದೇ ತೋಟದಲ್ಲಿ ಗಾಂಧೀಜಿಯೂ ಕ್ಯಾಲನ್‌ಬಾಕರೂ ಹಾಲನ್ನು ಬಿಟ್ಟರು. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆಗಳಲ್ಲಿ ಕೆಲಕಾಲ ಬಾಳಿದರು. 1918ರಲ್ಲಿ ಖೇಡಾ ಜಿಲ್ಲೆಯ ತಿರುಗಾಟದಲ್ಲಿ ಜರ್ಝರಿತರಾದ ಗಾಂಧೀಜಿ, ಹಬ್ಬದ ದಿನ ಕಸ್ತೂರಬಾ ಬಡಿಸಿದ ಸಿಹಿಗಂಜಿಯ ಆಸೆಯನ್ನು ತಡೆಯಲಾರದೆ ಉಂಡು, ಆಮಶಂಕೆಯಿಂದ ಸಾವಿನ ಬಾಗಿಲವರೆಗೆ ಹೋದರು. ಹಾಲಿಲ್ಲದೆ ಬದುಕು ಕಷ್ಟವೆಂದು ವೈದ್ಯರು ಹೇಳಿದಾಗ, ಆಡಿನ ಹಾಲಿಗೆ ಆಕ್ಷೇಪವೇನೆಂದು ದಾರಿ ತೋರಿಸಿದವರೂ ಕಸ್ತೂರಬಾ. ಅವರು ಒಪ್ಪಿದರು, ಆದರೆ ಅದರಿಂದ ವ್ರತದ ಅಕ್ಷರ ಉಳಿಯಿತೇ ಹೊರತು ಆತ್ಮ ಉಳಿಯಲಿಲ್ಲವೆಂಬ ಕೊರಗನ್ನು ಎಂದೂ ಮರೆಮಾಡಲಿಲ್ಲ. 1927ರ ಬೇಸಗೆಯಲ್ಲಿ ಅಸ್ವಸ್ಥರಾಗಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಮಿಸಿದಾಗಲೂ, 1929ರಲ್ಲಿ ಬೇಯಿಸದ ಧಾನ್ಯದ ಪ್ರಯೋಗವನ್ನು ಸಾಬರಮತಿಯಲ್ಲಿ ಮಾಡಿ ದೇಹ ಕುಗ್ಗಿ ಕೈಬಿಟ್ಟಾಗಲೂ, ಅವರು ಇದೇ ಜಿಜ್ಞಾಸು. ಸೋತ ಪ್ರಯೋಗವನ್ನು ಸೋತಿತೆಂದು ಪತ್ರಿಕೆಯಲ್ಲಿ ಬರೆದರು.

ಈ ಜೀವನದಿಂದ ನಾವು ಕಲಿಯಬೇಕಾದದ್ದು ಕಡಲೆಕಾಯಿಯ ಗುಣವನ್ನಲ್ಲ. ಮನುಷ್ಯನ ತಟ್ಟೆಯ ಮೇಲೆ ಬೇರೊಬ್ಬರು ವಿಧಿಸಿದ ನಿಯಮ ಅವನನ್ನು ಹಸಿವಿನಲ್ಲಿ ಕೆಡಹುತ್ತದೆ. ತಾನೇ ಅರಿತು ಆರಿಸಿಕೊಂಡ ನಿಯಮ ಅವನಿಗೆ ಅಡಿಗೆಯನ್ನು ಕಲಿಸುತ್ತದೆ. ಆ ನಿಯಮವನ್ನು ಇನ್ನೊಬ್ಬರಿಗೆ ನೀಡಬೇಕಾದಾಗ ಬೇಡವೆನ್ನುವ ಹಕ್ಕನ್ನೂ ಜೊತೆಗೇ ನೀಡಬೇಕಾಗುತ್ತದೆ. ಗಾಂಧೀಜಿ ಈ ಮೂರನೆಯ ಪಾಠವನ್ನು ಮನೆಯಲ್ಲಿ ಕಷ್ಟಪಟ್ಟು, ತೋಟದಲ್ಲಿ ಪೂರ್ಣವಾಗಿ ಕಲಿತರು. ಹೆಂಡತಿಗಾಗಿ ತಮ್ಮ ತಟ್ಟೆಯಿಂದ ಉಪ್ಪನ್ನು ತೆಗೆದಿಟ್ಟಿದ್ದ ಮನುಷ್ಯನೇ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಬಾಗಿ ಒಂದು ಹಿಡಿ ಉಪ್ಪನ್ನು ಎತ್ತಿದರು. ತಾನೇ ಬಿಟ್ಟ ಉಪ್ಪು ವ್ರತ, ಬಡವನ ಗಂಜಿಯಿಂದ ಸರಕಾರ ಕಸಿದ ಉಪ್ಪು ಅನ್ಯಾಯ. ಈ ಅಂತರವನ್ನು ಅವರು ಬಹು ಹಿಂದೆಯೇ ಒಲೆಯ ಮುಂದೆ ಕುಳಿತು ಕಂಡುಕೊಂಡಿದ್ದರು.